ನಾಟಾ ಅಂಗಳಕ್ಕೆ ಮುನ್ನ ನಾಲ್ಕು ಲೆಕ್ಕ



ಕೆಲವು ತಿಂಗಳುಗಳಿಂದ ನಮ್ಮ ಸಂಘದ ಜಗಲಿಯಲ್ಲಿ ಒಂದೇ ಮಾತು ಕೇಳಿಬರುತ್ತಿದೆ. ತೋಟದ ಸಿಲ್ವರ್ ಮರಗಳನ್ನು ವ್ಯಾಪಾರಿ ಹೇಳಿದ ದರಕ್ಕೆ ಕೊಟ್ಟದ್ದು ಸಾಕು. ಸಂಘವೇ ಒಂದು ನಾಟಾ ಅಂಗಳ ತೆರೆಯಲಿ, ದಿಮ್ಮಿಗಳನ್ನು ಅಲ್ಲಿಗೆ ತಂದು ಅಳೆದು, ಜಾತಿ ಮತ್ತು ದಪ್ಪದ ಮೇಲೆ ವಿಂಗಡಿಸಿ, ಹರಾಜಿನಲ್ಲಿ ಮಾರಲಿ ಎಂಬುದು ಆ ಮಾತು. ಅಂಗಳಕ್ಕೆ ಜಾಗವನ್ನೂ ಉತ್ಸಾಹಿಗಳು ಸೂಚಿಸಿದ್ದಾರೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ನಡುವೆ, ಹೆದ್ದಾರಿಯ ಬದಿಯಲ್ಲಿ ನಾಲ್ಕೈದು ಎಕರೆ ಕೊಂಡರೆ, ನಮ್ಮ ಸಿಲ್ವರ್ ಅಲ್ಲಿ ಮಾರಾಟವಾಗುತ್ತದೆ, ಅಲ್ಲಿನ ರೈತರ ಹೆಬ್ಬೇವು, ಬೇವು, ಜಾಲಿಗಳೂ ಅದೇ ಅಂಗಳಕ್ಕೆ ಬರುತ್ತವೆ ಎನ್ನುತ್ತಾರೆ.

ಈ ವಿಚಾರವನ್ನು ನಗೆಯಾಡಿ ತಳ್ಳಿಹಾಕುವವರಲ್ಲಿ ನಾವಿಲ್ಲ. ಅದರ ಹಿಂದೆ ನಿಜವಾದ ನೋವಿದೆ. ನಮ್ಮ ಸದಸ್ಯರೊಬ್ಬರು ಕಡಿಸಿದ ಒಂದು ಲೋಡು ಸಿಲ್ವರ್, ಒಪ್ಪಿಕೊಂಡ ವ್ಯಾಪಾರಿ ಬಾರದೆ, ಮಳೆ ಹಿಡಿದು, ರಸ್ತೆಬದಿಯಲ್ಲೇ ಎರಡು ತಿಂಗಳು ಬಿದ್ದಿತ್ತು. ನೀಲಿ ಕಲೆ ಹತ್ತಿ ಹುಳು ಕೊರೆದ ಮೇಲೆ ಅದು ಹೋದದ್ದು ಸೌದೆಯ ದರಕ್ಕೆ. ಮಗಳ ಮದುವೆಗೆಂದು ಇಟ್ಟುಕೊಂಡಿದ್ದ ಮರಗಳವು. ಇಂಥ ಸಂಗತಿ ಕಂಡವರಿಗೆ ಅಂಗಳದ ಮಾತು ಹಿತವಾಗಿ ಕೇಳುವುದು ಸಹಜ. ಆದರೆ ಅಂಗಳಕ್ಕೆ ಹಾಕಬೇಕಾದ ಹಣ ಸದಸ್ಯರ ಠೇವಣಿಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತನ್ನು ಸಹಕಾರ ಸಂಘಗಳು ಮರೆತಾಗಲೆಲ್ಲ ದಂಡ ತೆತ್ತವರು ಸಣ್ಣ ಬೆಳೆಗಾರರೇ. ಆದ್ದರಿಂದ ಭೂಮಿಯ ಕ್ರಯಪತ್ರಕ್ಕೆ ಮುನ್ನ ನಾಲ್ಕು ಲೆಕ್ಕಗಳನ್ನು ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ. ಕೆಳಗೆ ಬರುವ ದರ ಮತ್ತು ಖರ್ಚಿನ ಅಂಕಿಗಳು ಲೆಕ್ಕದ ರೀತಿಯನ್ನು ತೋರಿಸಲು ಇಟ್ಟುಕೊಂಡವು. ಮಾರುಕಟ್ಟೆಯ ದರವೆಂದು ಯಾರೂ ತಿಳಿಯಬಾರದು.

ಅಳತೆಯ ಲೆಕ್ಕ

ಮೊದಲು ಅಳತೆಯ ವಿಷಯ. ವ್ಯಾಪಾರಿ ಮೋಸ ಮಾಡುತ್ತಾನೆ ಎಂಬ ದೂರಿನಲ್ಲಿ ಅರ್ಧ ಭಾಗ ಅಳತೆಯದು. ನಮ್ಮಲ್ಲಿ ದಿಮ್ಮಿಯನ್ನು ಅಳೆಯುವುದು ಕಾಲು ಸುತ್ತಳತೆಯ ಪದ್ಧತಿಯಲ್ಲಿ, ಅಂದರೆ ಹಾಪಸ್ ಲೆಕ್ಕದಲ್ಲಿ. ದಿಮ್ಮಿಯ ನಡುವಿನ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವುದು ಕ್ರಮ. 10 ಅಡಿ ಉದ್ದ, 48 ಅಂಗುಲ ಸುತ್ತಳತೆಯ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ಆದರೆ ಉರುಳೆಯ ನಿಜವಾದ ಗಾತ್ರದ ಸೂತ್ರದಲ್ಲಿ ಅದೇ ದಿಮ್ಮಿ 12.73 ಘನ ಅಡಿ. ಕೊಯ್ಯುವಾಗ ಹೋಗುವ ಬದಿ ಹಲಗೆ, ಹೊಟ್ಟುಗಳ ಸಲುವಾಗಿ ಹಳೆಯ ಕಾಲದವರು ಮಾಡಿಕೊಂಡ ಕಡಿತ ಇದು. ಕೊಳ್ಳುವವನೂ ಮಾರುವವನೂ ಒಂದೇ ಪದ್ಧತಿಯನ್ನು ಅನುಸರಿಸಿದರೆ ಅದರಲ್ಲಿ ಮೋಸವಿಲ್ಲ. ತೋಟದಲ್ಲಿ ಹಾಪಸ್ ಲೆಕ್ಕದಲ್ಲಿ ಕೊಂಡು ಮುಂದೆ ಘನ ಮೀಟರಿನಲ್ಲಿ ಮಾರಿದರೆ ನಡುವಿನ ವ್ಯತ್ಯಾಸ ಯಾರ ಜೇಬಿಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಇದರ ಮೇಲೆ ತೊಗಟೆಯ ಕಡಿತವೆಂದು ಸುತ್ತಳತೆಯಲ್ಲಿ 4 ಅಂಗುಲ ಬಿಟ್ಟರೆ 48 ಇದ್ದದ್ದು 44 ಆಗುತ್ತದೆ. ನಾಲ್ಕು ಅಂಗುಲ ತಾನೇ ಎಂದು ನಾವು ಸುಮ್ಮನಾಗುತ್ತೇವೆ. ಲೆಕ್ಕ ಹಾಕಿ ನೋಡಿ: 10 ಘನ ಅಡಿ ಇದ್ದದ್ದು 8.4ಕ್ಕೆ ಇಳಿಯಿತು. ಸುತ್ತಳತೆಯಲ್ಲಿ ಹನ್ನೆರಡರಲ್ಲಿ ಒಂದು ಪಾಲು ಬಿಟ್ಟರೆ ಗಾತ್ರದಲ್ಲಿ ಆರರಲ್ಲಿ ಒಂದು ಪಾಲು ಹೋಗುತ್ತದೆ.

ಆದರೆ ಈ ನಷ್ಟವನ್ನು ತಡೆಯಲು ನಾಲ್ಕೆಕರೆ ಭೂಮಿ ಬೇಕೇ? ಒಂದು ಟೇಪು, ಒಂದು ಅಳತೆ ಪುಸ್ತಕ, ತರಬೇತಿ ಪಡೆದ ಇಬ್ಬರು ಯುವಕರು ಸಾಕು. ಸಂಘದ ಅಳತೆಗಾರ ತೋಟಕ್ಕೇ ಬಂದು ದಿಮ್ಮಿಗೆ ಸಂಖ್ಯೆ ಬರೆದು, ಅಳತೆ ಚೀಟಿ ಕೊಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಅಂಗಳದ ಲಾಭವೆಂದು ತೋರಿಸುವ ಪಟ್ಟಿಯಿಂದ ಈ ಬಾಬನ್ನು ಮೊದಲು ಹೊರಗಿಡಬೇಕು.

ವಿಂಗಡಣೆಯ ಲೆಕ್ಕ

ವಿಂಗಡಿಸಿದರೆ ದರ ಬರುತ್ತದೆ ಎಂಬುದು ಅಡಿಕೆ ಬೆಳೆಗಾರನಿಗೆ ಹೇಳಿಕೊಡಬೇಕಾದ ಪಾಠವಲ್ಲ. ರಾಶಿ, ಬೆಟ್ಟೆ, ಗೊರಬಲು ಎಂದು ಆರಿಸಿದ ಮೇಲೆಯೇ ಅಡಿಕೆ ಮಂಡಿಗೆ ಹೋಗುತ್ತದೆ. ಕಾಫಿಯೂ ಕ್ಯೂರಿಂಗ್ ಕಾರ್ಖಾನೆಯಲ್ಲಿ ಜರಡಿ ಹಿಡಿದು ದರ್ಜೆಗಳಾಗುತ್ತದೆ. ಹಾಗಾದರೆ ಮರಕ್ಕೆ ಏಕಾಗಬಾರದು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಒಂದು ಉದಾಹರಣೆ ನೋಡೋಣ. ವ್ಯಾಪಾರಿ ಕಲಬೆರಕೆ ಲೋಡಿಗೆ ಒಂದು ಪಾಲಿಗೆ 100 ರೂಪಾಯಿಯಂತೆ ಕೊಡುತ್ತಾನೆ ಎಂದುಕೊಳ್ಳಿ. ನೂರು ಪಾಲು ಮರವನ್ನು ನಾವು ವಿಂಗಡಿಸಿದೆವು. 30 ಪಾಲು ದಪ್ಪನೆಯ ನೇರ ದಿಮ್ಮಿ, ಅದಕ್ಕೆ 140. 45 ಪಾಲು ಮಧ್ಯಮ, ಅದಕ್ಕೆ 105. ಉಳಿದ 25 ಪಾಲು ಡೊಂಕು, ತೆಳು, ಸೌದೆ, ಅದಕ್ಕೆ 55. ಒಟ್ಟು 10,300 ರೂಪಾಯಿ. ಸರಾಸರಿ 103. ಇಷ್ಟೆಲ್ಲ ಇಳಿಸಿ, ಉರುಳಿಸಿ, ಅಟ್ಟಿ ಜೋಡಿಸಿದ್ದಕ್ಕೆ ನೂರಕ್ಕೆ ಮೂರು ರೂಪಾಯಿ ಹೆಚ್ಚು. ಹಮಾಲಿಯೇ ಅದನ್ನು ನುಂಗುತ್ತದೆ.

ಇದು ಏಕೆ ಹೀಗೆ? ವ್ಯಾಪಾರಿ ಮೂರ್ಖನಲ್ಲ. ಲೋಡಿನಲ್ಲಿ ಎಷ್ಟು ಒಳ್ಳೆಯದು, ಎಷ್ಟು ಕೆಟ್ಟದ್ದೆಂದು ಕಣ್ಣಳತೆಯಲ್ಲೇ ಲೆಕ್ಕ ಹಾಕಿ ಸರಾಸರಿ ದರ ಹೇಳಿದ್ದಾನೆ. ನಾವು ಒಳ್ಳೆಯದನ್ನು ಬೇರೆ ಇಟ್ಟರೆ ಉಳಿದದ್ದರ ದರವನ್ನು ಅವನು ಇಳಿಸುತ್ತಾನೆ. ಈಗ ಅದೇ ಮೊದಲ ದರ್ಜೆಯ 30 ಪಾಲಿಗೆ, ಪ್ಲೈವುಡ್ಡಿಗೆ ತೆಳುಪದರ ಸುಲಿಯುವ ಕಾರ್ಖಾನೆಯೊಂದು 170 ಕೊಡಲು ಮುಂದೆ ಬಂತೆನ್ನಿ. ಒಟ್ಟು 11,200 ಆಯಿತು; ಸರಾಸರಿ 112. ಈಗ ಮಾತಾಡಬಹುದು. ಎರಡು ಲೆಕ್ಕಕ್ಕೂ ಇರುವ ವ್ಯತ್ಯಾಸ ಒಬ್ಬ ಹೊಸ ಗಿರಾಕಿ ಮಾತ್ರ; ವಿಂಗಡಣೆ ಎರಡರಲ್ಲೂ ಅದೇ. ಅಡಿಕೆಯ ಒಂದೊಂದು ಜಾತಿಗೂ ಬೇರೆ ಬೇರೆ ಊರಿನ ಖರೀದಿದಾರ ಟೆಂಡರು ಬರೆಯಲು ಕಾದಿರುವುದರಿಂದಲೇ ಅಲ್ಲಿ ಆರಿಸುವ ಕೂಲಿ ಹುಟ್ಟುತ್ತದೆ.

ಹರಿಯಾಣದ ಯಮುನಾನಗರದಲ್ಲಿ ರೈತರು ಬೆಳೆದ ಪಾಪ್ಲರ್, ನೀಲಗಿರಿ ಮರಗಳಿಗೆ, ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರಕ್ಕೆ ದೊಡ್ಡ ಪೇಟೆ ಬೆಳೆದಿದೆ. ಎರಡೂ ಕಡೆ ಪ್ಲೈವುಡ್ ಕಾರ್ಖಾನೆಗಳು ಗುಂಪಾಗಿ ನಿಂತಿವೆ, ಪೇಟೆ ಅವುಗಳ ಬಾಗಿಲಲ್ಲಿದೆ. ನಮ್ಮ ದಾಂಡೇಲಿಯ ಅರಣ್ಯ ಇಲಾಖೆಯ ಡಿಪೋಗೆ ದೂರದಿಂದ ಖರೀದಿದಾರರು ಬರುವುದು ಅಲ್ಲಿ ಸಾಗವಾನಿಯ ದೊಡ್ಡ ಅಟ್ಟಿಗಳು, ನಂಬಬಹುದಾದ ಅಳತೆ, ಗೊತ್ತಾದ ದಿನದ ಹರಾಜು ಇರುವುದರಿಂದ. ಅಮೆರಿಕದ ಮ್ಯಾಡಿಸನ್ನಿನ ಅರಣ್ಯೋತ್ಪನ್ನ ಪ್ರಯೋಗಾಲಯವು ಇಂಥ ವಿಂಗಡಣಾ ಅಂಗಳಗಳ ಬಗ್ಗೆಯೇ 2002ರಲ್ಲಿ ಒಂದು ಪರಾಮರ್ಶೆ ಹೊರತಂದಿತು. ಕಾಡು ತುಂಬಿದ ಆ ದೇಶದಲ್ಲೂ ಈ ವ್ಯವಹಾರವನ್ನು ಇಷ್ಟು ಎಚ್ಚರದಿಂದ ಪರಿಶೀಲಿಸುತ್ತಾರೆ ಎಂದಮೇಲೆ ನಾವು ಅವಸರಪಡುವುದು ತರವಲ್ಲ.

ಖರ್ಚಿನ ಲೆಕ್ಕ

ಅಂಗಳಕ್ಕೆ ಎರಡು ಬಗೆಯ ಖರ್ಚು. ಮರ ಬರಲಿ ಬಾರದಿರಲಿ ತಪ್ಪದ್ದು ಒಂದು: ಹೂಡಿದ ಹಣದ ಬಡ್ಡಿ, ಕಾವಲುಗಾರ, ಗುಮಾಸ್ತ, ಅಳತೆಗಾರ, ವಿಮೆ, ಬೇಲಿ, ದೀಪ, ಯಂತ್ರದ ಸವಕಳಿ. ಮರದ ಜೊತೆಗೆ ಏರುವುದು ಇನ್ನೊಂದು: ಇಳಿಸುವುದು, ಅಟ್ಟುವುದು, ಮತ್ತೆ ಏರಿಸುವುದು, ಒಣಗಿ ಬಿರಿದು ಆಗುವ ನಷ್ಟ, ಬೆಳೆಗಾರನಿಗೆ ಕೊಟ್ಟ ಮುಂಗಡದ ಬಡ್ಡಿ.

ತಪ್ಪದ ಖರ್ಚು ವರ್ಷಕ್ಕೆ 18 ಲಕ್ಷ ರೂಪಾಯಿ ಎನ್ನಿ. ವಿಂಗಡಣೆಯಿಂದ ಟನ್ನಿಗೆ 900 ರೂಪಾಯಿ ಹೆಚ್ಚು ಬಂತೆನ್ನಿ. ಅದರಲ್ಲಿ ಇಳಿಸಿ ಏರಿಸುವ ಕೂಲಿ 450, ಬಡ್ಡಿ ಮತ್ತು ಒಣ ನಷ್ಟ 150 ಕಳೆದರೆ ಉಳಿಯುವುದು 300. ಹದಿನೆಂಟು ಲಕ್ಷವನ್ನು ಮುನ್ನೂರರಿಂದ ಭಾಗಿಸಿದರೆ 6,000 ಟನ್. ವರ್ಷದಲ್ಲಿ 240 ದಿನ ಕೆಲಸ ನಡೆದರೆ ದಿನಕ್ಕೆ 25 ಟನ್, ಅಂದರೆ ಸುಮಾರು ಎರಡು ಲಾರಿ. ಇಷ್ಟು ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈಗ ದರ ಸ್ವಲ್ಪ ಜಾರಿತು, ಹೆಚ್ಚು ಬಂದದ್ದು 900ರ ಬದಲು 750 ಎನ್ನಿ. ಆರರಲ್ಲಿ ಒಂದು ಪಾಲು ಇಳಿತ. ಉಳಿಯುವುದು ಟನ್ನಿಗೆ 150. ಸಮ ಬೀಳಬೇಕಾದರೆ 12,000 ಟನ್ ಬೇಕು. ದಿನಕ್ಕೆ ನಾಲ್ಕು ಲಾರಿ. ದರದಲ್ಲಿ ಅಷ್ಟು ಸಣ್ಣ ಇಳಿತಕ್ಕೆ ಬೇಕಾದ ಮರ ಇಮ್ಮಡಿಯಾಯಿತು. ಯೋಜನಾ ವರದಿಗಳಲ್ಲಿ ಒಂದೇ ದರ ಹಿಡಿದು ಹತ್ತು ವರ್ಷದ ಲಾಭ ತೋರಿಸುವ ಅಭ್ಯಾಸವಿದೆ. ನಮ್ಮ ಆಡಳಿತ ಮಂಡಳಿಯ ಮುಂದೆ ಅಂಥ ವರದಿ ಬಂದರೆ, ದರ ಆರರಲ್ಲಿ ಒಂದು ಪಾಲು ಇಳಿದರೆ ಏನಾಗುತ್ತದೆ, ಮರ ಅರ್ಧವೇ ಬಂದರೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಸದಸ್ಯರು ಎದ್ದು ನಿಂತು ಕೇಳಬೇಕು.

ಇನ್ನು 6,000 ಟನ್ ಎಂದರೆ ಎಷ್ಟು ಮರ? ಒಂದು ಸಿಲ್ವರಿನಿಂದ ಸರಾಸರಿ ಅರ್ಧ ಟನ್ ದಿಮ್ಮಿ ಎಂದು ಹಿಡಿದರೆ ವರ್ಷಕ್ಕೆ 12,000 ಮರ. ನೆರಳಿಗೆ ಧಕ್ಕೆಯಾಗದಂತೆ ಎಕರೆಗೆ ಐದು ಮರ ತೆಗೆದರೂ 2,400 ಎಕರೆ ತೋಟದಿಂದ ಪ್ರತಿವರ್ಷ ಮರ ಬರುತ್ತಲೇ ಇರಬೇಕು. ನಮ್ಮಲ್ಲಿ ಸಿಲ್ವರ್ ಬರೀ ನಾಟಾ ಅಲ್ಲ. ಅದು ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ. ಹತ್ತು ವರ್ಷ ಬಳ್ಳಿ ಹಬ್ಬಿದ ಮರವನ್ನು ಅಂಗಳದ ಕೋಟಾ ತುಂಬಲೆಂದು ಉರುಳಿಸಿದರೆ ಆ ನಷ್ಟವನ್ನು ಯಾವ ಲೆಕ್ಕಪತ್ರದಲ್ಲಿ ಬರೆಯುವುದು? ಸಾಲದ ಕಂತು ಕಟ್ಟಲು ಅಂಗಳಕ್ಕೆ ಮರ ಬೇಕು, ಅಂಗಳ ಉಳಿಸಲು ತೋಟ ಬೋಳಾಗಬೇಕು ಎಂಬ ಸ್ಥಿತಿ ಬಂದರೆ ನಾವು ಯಾರಿಗಾಗಿ ಸಂಘ ಕಟ್ಟಿದೆವೋ ಅದೇ ಹಾಳಾಯಿತು.

ಮತ್ತೊಂದು ಸೂಕ್ಷ್ಮವೂ ಇದೆ. ಬೆಳೆಗಾರ ಮರ ಕಡಿಯುವುದು ಕಾಫಿಗೆ ಬೆಲೆ ಇಲ್ಲದಾಗ. 2000ದಿಂದ ಮೂರು ನಾಲ್ಕು ವರ್ಷ ಕಾಫಿ ಬೆಲೆ ನೆಲ ಕಚ್ಚಿದ್ದಾಗ ಸಿಲ್ವರ್ ಮಾರಿ ಸಾಲ ತೀರಿಸಿದವರು ನಮ್ಮಲ್ಲೇ ಇದ್ದಾರೆ. 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂದಾಗ ಕೊಡಲಿ ಮುಟ್ಟುವ ಅಗತ್ಯ ಯಾರಿಗಿತ್ತು? ಅಂದರೆ ಒಂದು ಕಾಲದಲ್ಲಿ ಅಂಗಳ ತುಂಬಿ ತುಳುಕುತ್ತದೆ, ಆಗ ಮರದ ದರ ಬೀಳುತ್ತದೆ. ಇನ್ನೊಂದು ಕಾಲದಲ್ಲಿ ಅಂಗಳ ಖಾಲಿ, ಕಾವಲುಗಾರನ ಸಂಬಳ ಮಾತ್ರ ನಿಲ್ಲುವುದಿಲ್ಲ.

ದಾರಿಯ ಲೆಕ್ಕ

ಈಗ ಬಯಲುಸೀಮೆಯ ಆ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಅಲ್ಲಿಗೆ ಏಕೆ ಎಂಬುದಕ್ಕೆ ಉತ್ಸಾಹಿಗಳ ಬಳಿ ಉತ್ತರವಿದೆ. ವಿಜಯಪುರ ಜಿಲ್ಲೆಯಲ್ಲಿ ಕಾಡು ನೂರಕ್ಕೆ ಒಂದು ಪಾಲೂ ಇಲ್ಲ. ನಾಟಾ ಹೊರಗಿನಿಂದಲೇ ಬರಬೇಕು. ಸಿಂದಗಿ, ವಿಜಯಪುರ, ನಿಡಗುಂದಿಯ ಮೂಲಕ 50ನೇ ರಾಷ್ಟ್ರೀಯ ಹೆದ್ದಾರಿ ಹಾದಿದೆ. ಇಂಡಿಯವರಿಗೆ ಸೊಲ್ಲಾಪುರದ ಪೇಟೆ ಹತ್ತಿರ. ಆಲಮಟ್ಟಿಯ ನೀರು ಬಂದ ಮೇಲೆ ರೈತರು ಬದುವಿನಲ್ಲಿ, ಹೊಲದಲ್ಲಿ ತೇಗ, ಹೆಬ್ಬೇವು, ಶ್ರೀಗಂಧ ಹಚ್ಚಿದ್ದಾರೆ. 2011–12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಸಸಿಗೆ ಮೂರು ವರ್ಷ ಸಹಾಯಧನವಿದೆ. ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನವೂ ನಡೆದಿದೆ. ನೀರುಂಡ ಹೆಬ್ಬೇವು ಆರೆಂಟು ವರ್ಷದಲ್ಲಿ ಕಡಿತಕ್ಕೆ ಬರುತ್ತದೆ.

ಇವೆಲ್ಲ ನಿಜ. ಆದರೆ ಮಲೆನಾಡಿನಿಂದ ಅಲ್ಲಿಗೆ ದಾರಿ ಎಷ್ಟು? ಚಿಕ್ಕಮಗಳೂರಿನಿಂದ ಹಿಡಿದರೆ 400 ಕಿಲೋಮೀಟರಿಗೂ ಮಿಕ್ಕು. ಹಸಿ ದಿಮ್ಮಿಯ ತೂಕದಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ನೀರೇ. ಆ ನೀರಿಗೂ ಲಾರಿ ಬಾಡಿಗೆ ಕೊಡಬೇಕು. ಬಾಡಿಗೆ ಟನ್ನಿಗೆ 2,000 ಎಂದು, ಸೌದೆ ದರ್ಜೆಯ ಮರಕ್ಕೆ ಅಲ್ಲಿ 2,500 ಸಿಗುತ್ತದೆಂದು ಇಟ್ಟುಕೊಳ್ಳಿ. ಉಳಿದ 500ರಲ್ಲಿ ಕಡಿತದ ಕೂಲಿ, ಲೋಡು ಮಾಡುವ ಕೂಲಿ ಎರಡನ್ನೂ ತೆರಬೇಕು. ಬೆಳೆಗಾರನಿಗೆ ಉಳಿಯುವುದು ಪ್ರಯಾಸ ಮಾತ್ರ. ಹೀಗಾಗಿ ವಿಂಗಡಣೆ ಎಂಬುದು ನಡೆಯಬೇಕಾದ ಜಾಗ ಬಾಡಿಗೆ ತೆರುವ ಮುಂಚಿನದು, ಅಂದರೆ ನಮ್ಮ ತೋಟದ ಗೇಟು. ಸೌದೆ ಇಲ್ಲೇ ಉಳಿಯಲಿ, ದೂರ ಹೋಗುವುದು ಮೊದಲ ದರ್ಜೆ ಮಾತ್ರ. ಅಷ್ಟೇ ಹೋಗುವುದಾದರೆ ಅಲ್ಲಿ ವಿಂಗಡಿಸಲು ಉಳಿದದ್ದೇನು?

ನೆಲದ ಗುಣವನ್ನೂ ನೋಡಬೇಕು. ಅದು ಎರೆಭೂಮಿ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಹಿಂಗಾರಿ ಮಳೆ ಬಿದ್ದರೆ ಉಬ್ಬಿ ಅಂಟಾಗುತ್ತದೆ. ಲೋಡು ಲಾರಿ ನಿಲ್ಲಬೇಕಾದರೆ ಮಣ್ಣು ತೆಗೆದು ಕಲ್ಲು, ಗರಸು ತುಂಬಿ ಗಟ್ಟಿ ಮಾಡಬೇಕು. ಭೂಮಿ ಅಗ್ಗವೆಂದು ಕೊಂಡು, ಅದರ ಮೇಲೆ ಭೂಮಿಯ ಬೆಲೆಗಿಂತ ಹೆಚ್ಚು ಸುರಿಯುವ ಸಂಭವವಿದೆ. ಬಿಸಿಲೂ ಕಡಿಮೆಯದಲ್ಲ, ಅಲ್ಲಿ ಏಪ್ರಿಲ್, ಮೇ ತಿಂಗಳ ಶಾಖಕ್ಕೆ ಹಸಿ ದಿಮ್ಮಿಯ ತುದಿಗಳು ಬಿರಿಯುತ್ತವೆ. ದೇಶವಿದೇಶಗಳ ಅಂಗಳಗಳಲ್ಲಿ ಅಟ್ಟಿಯ ಮೇಲೆ ನೀರು ಚಿಮುಕಿಸುತ್ತಾರೆ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯ್ದ ಅನುಭವವಿರುವ ಇಂಡಿ, ಸಿಂದಗಿಯ ಹಳ್ಳಿಗಳ ನಡುವೆ ನಾವು ಮರಕ್ಕೆ ನೀರು ಹೊಡೆಯುತ್ತ ಕೂರಲಾದೀತೇ? ಅದು ಖರ್ಚಿನ ಪ್ರಶ್ನೆ ಮಾತ್ರವಲ್ಲ.

ಬೇಡಿಕೆಯಾದರೂ ಹಿಂದಿನಂತಿಲ್ಲ. ಆ ಸೀಮೆಯ ಮಾಳಿಗೆ ಮನೆಗೆ ತೊಲೆ, ಜಂತಿ, ಕಂಬ ಎಲ್ಲ ಮರದವೇ ಬೇಕಿತ್ತು. ಕೂರಿಗೆ, ಕುಂಟೆ, ಬಂಡಿಗೆ ಜಾಲಿ ಬೇಕಿತ್ತು. ಈಗ ಆರ್‌ಸಿಸಿ ಮನೆಗಳು ಬಂದಿವೆ. ಹೊಲಕ್ಕೆ ಟ್ರಾಕ್ಟರು, ಬಾಗಿಲಿಗೆ ಕಬ್ಬಿಣ ಬಂದಿದೆ. ಉಳಿದದ್ದು ಚೌಕಟ್ಟು, ಸೆಂಟರಿಂಗ್ ಹಲಗೆ, ಪೆಟ್ಟಿಗೆ, ಪೀಠೋಪಕರಣ. ಇದಕ್ಕೆ ತಿಂಗಳಿಗೆ ಎಷ್ಟು ಮರ ಬೇಕೆಂದು ಅಲ್ಲಿನ ಬಡಿಗರನ್ನು, ಕಟ್ಟಿಗೆ ಅಡ್ಡೆಯವರನ್ನು ಯಾರಾದರೂ ಕೇಳಿದ್ದಾರೆಯೇ? ನಮಗೆ ತಿಳಿದಂತೆ ಇಲ್ಲ.

ಕಾನೂನಿನ ವಿಷಯವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. 1976ರ ಮರ ಸಂರಕ್ಷಣಾ ಕಾಯಿದೆಯಡಿ ಸಿಲ್ವರಿಗೆ ಕಡಿತದ ಅನುಮತಿಯಿಂದ ವಿನಾಯಿತಿ ಇದೆ. ತೇಗಕ್ಕೆ ಅನುಮತಿಯೂ ಸಾಗಣೆ ರಹದಾರಿಯೂ ಬೇಕು. ಶ್ರೀಗಂಧದ ಕಟ್ಟುಪಾಡೇ ಬೇರೆ, ಅದನ್ನು ಅಂಗಳದೊಳಗೆ ತರುವ ಯೋಚನೆಯನ್ನೇ ಬಿಡಬೇಕು. ಹಲವು ಜಾತಿಯ ಮರ ಒಂದೇ ಅಂಗಳದಲ್ಲಿ ಸೇರಿದರೆ ಪ್ರತಿ ದಿಮ್ಮಿಗೂ ಮೂಲದ ದಾಖಲೆ ಇಡಬೇಕಾಗುತ್ತದೆ. ಅಂಗಳದಲ್ಲಿ ಗರಗಸವನ್ನೂ ಹಾಕೋಣ ಎನ್ನುವವರು, ಗೋದಾವರ್ಮನ್ ಮೊಕದ್ದಮೆಯಲ್ಲಿ 1996ರಿಂದೀಚೆಗೆ ಸುಪ್ರೀಂ ಕೋರ್ಟು ಕೊಟ್ಟ ಆದೇಶಗಳನ್ನೂ ಮರಾಧಾರಿತ ಕೈಗಾರಿಕೆಗಳ 2016ರ ಮಾರ್ಗಸೂಚಿಯನ್ನೂ ಓದಿಕೊಂಡು ಬರುವುದು ಒಳಿತು. ಪರವಾನಗಿ ಸಿಗುವ ಮುನ್ನ ಯಂತ್ರ ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ.

ನಮ್ಮ ಅಭಿಪ್ರಾಯ

ಹಾಗಾದರೆ ಕೈ ಕಟ್ಟಿ ಕೂರಬೇಕೇ? ಖಂಡಿತ ಬೇಡ. ನಮ್ಮ ಸಲಹೆ ಇಷ್ಟು.

ಮೊದಲನೆಯದಾಗಿ, ಈ ವರ್ಷವೇ ಮರಗಳ ಒಂದು ಪಟ್ಟಿಯಾಗಲಿ. ಯಾವ ಸದಸ್ಯರ ತೋಟದಲ್ಲಿ ಎಷ್ಟು ಸುತ್ತಳತೆಯ ಎಷ್ಟು ಸಿಲ್ವರ್, ಅದರಲ್ಲಿ ಬಳ್ಳಿ ಇಲ್ಲದ್ದು ಎಷ್ಟು, ಯಾವ ವರ್ಷ ತೆಗೆಯಲು ಇಷ್ಟ ಎಂಬುದನ್ನು ಬರೆದುಕೊಳ್ಳಬೇಕು. ಈ ಪಟ್ಟಿಯಿಲ್ಲದೆ ಯಾವ ವರದಿಯೂ ಊಹೆಯೇ.

ಎರಡನೆಯದಾಗಿ, ಗಿರಾಕಿಗಳಿಂದ ಲಿಖಿತ ಉತ್ತರ ತರಿಸಬೇಕು. ಪ್ಲೈವುಡ್ ಕಾರ್ಖಾನೆಗಳಿಗೆ, ನಾಲ್ಕು ತಾಲ್ಲೂಕುಗಳ ಅಡ್ಡೆಗಳಿಗೆ ಬರೆದು, ಯಾವ ಉದ್ದ, ಯಾವ ದಪ್ಪ, ತಿಂಗಳಿಗೆ ಎಷ್ಟು, ಯಾವ ದರ ಎಂದು ಕೇಳಬೇಕು. ಇಷ್ಟು ಉದ್ದವೇ ಬೇಕೆಂದು ತಿಳಿದು ತೋಟದಲ್ಲಿ ತುಂಡರಿಸಿದರೆ ಅಷ್ಟಕ್ಕೇ ಬೆಲೆ ಏರುತ್ತದೆ. ತಪ್ಪು ಉದ್ದಕ್ಕೆ ಕತ್ತರಿಸಿದ ದಿಮ್ಮಿಯನ್ನು ಯಾವ ಅಂಗಳವೂ ಮತ್ತೆ ಜೋಡಿಸಲಾರದು.

ಮೂರನೆಯದಾಗಿ, ಒಂದು ಹಂಗಾಮು ಪ್ರಯೋಗ ನಡೆಯಲಿ. ಜನವರಿಯಿಂದ ಮೇ ತನಕ, ಮಳೆಗೆ ಮುನ್ನ, ಇಲ್ಲಿಯೇ ಸಂಘದ ಗೋದಾಮಿನ ಹಿಂದಿನ ಬಯಲಿನಲ್ಲಿ ವಿಂಗಡಣೆ. ಮೊದಲ ದರ್ಜೆಯ ಕೆಲವು ಲೋಡು ಬಯಲುಸೀಮೆಗೆ, ಬಾಡಿಗೆ ಜಾಗಕ್ಕೆ, ಮೊದಲೇ ಒಪ್ಪಿದ ಗಿರಾಕಿಗೆ. ತಪ್ಪದ ಖರ್ಚನ್ನು 6 ಲಕ್ಷದೊಳಗೆ ಹಿಡಿದರೆ, ಮೇಲಿನ ಲೆಕ್ಕದಂತೆಯೇ 2,000 ಟನ್ನಿಗೆ ಸಮ ಬೀಳುತ್ತದೆ. ಆರು ಸಾವಿರಕ್ಕೆ ಓಡುವ ಮೊದಲು ಎರಡು ಸಾವಿರ ಮುಟ್ಟಿ ತೋರಿಸೋಣ.

ನಾಲ್ಕನೆಯದಾಗಿ, ಹಣದ ಶಿಸ್ತು. ಇದಕ್ಕೆ ಪ್ರತ್ಯೇಕ ಖಾತೆ ಇರಲಿ. ಬೆಳೆ ಸಾಲದ ಹಣ, ಠೇವಣಿ ಹಣ ಇತ್ತ ಹರಿಯಬಾರದು. ಬೆಳೆಗಾರನಿಗೆ ಮುಂಗಡ ಕೊಡುವುದಾದರೆ ನಿರೀಕ್ಷಿತ ದರಕ್ಕಿಂತ ಸಾಕಷ್ಟು ಕೆಳಗೆ ನಿಲ್ಲಿಸಿ, ಬಾಕಿಯನ್ನು ಮಾರಾಟವಾದ ಇಂತಿಷ್ಟು ದಿನದೊಳಗೆ ಕೊಡಬೇಕು. 1990ರ ದಶಕದ ಮಧ್ಯದವರೆಗೆ ಕಾಫಿ ಮಂಡಳಿಯ ಪೂಲಿಗೆ ಕಾಫಿ ಹಾಕಿ ಕಂತು ಕಂತಾಗಿ ಹಣಕ್ಕೆ ಕಾದ ಹಿರಿಯರು ಇನ್ನೂ ಇದ್ದಾರೆ. ಕಾಯಿಸಿದರೆ ಸದಸ್ಯ ಮತ್ತೆ ವ್ಯಾಪಾರಿಯ ಮನೆಗೇ ಹೋಗುತ್ತಾನೆ. ಪ್ರಯೋಗ ಯಾವ ನಷ್ಟಕ್ಕೆ ನಿಲ್ಲಬೇಕು ಎಂಬುದನ್ನೂ ಆರಂಭದ ದಿನವೇ ಠರಾವಿನಲ್ಲಿ ಬರೆದಿಡಬೇಕು. ನಷ್ಟ ಕಣ್ಣಿಗೆ ಬಿದ್ದ ಮೇಲೆ ಬರೆಯುವ ಧೈರ್ಯ ಯಾರಿಗೂ ಇರುವುದಿಲ್ಲ.

ಕೊನೆಯದಾಗಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ರೈತ ಬಂಧುಗಳ ಮಾತು. ಅವರು ಹಚ್ಚಿದ ಹೆಬ್ಬೇವು, ತೇಗಗಳು ಕಡಿತಕ್ಕೆ ಬಂದಾಗ ಅವರಿಗೆ ಒಂದು ಅಂಗಳ ಬೇಕಾದೀತು. ಅದು ಅವರದೇ ಸಂಘದ ಅಂಗಳವಾಗಲಿ, ಅವರ ಮರದ ಪಟ್ಟಿಯ ಮೇಲೆ ನಿಲ್ಲಲಿ. ಇಂಡಿಯ ನಿಂಬೆಗೆ ದೇಶದಲ್ಲಿ ಹೆಸರು ತಂದವರಿಗೆ ಬೆಳೆ ಮಾರುವ ಬಗೆಯನ್ನು ನಾವು ಕಲಿಸಬೇಕಾಗಿಲ್ಲ. ಅಳತೆ ಪುಸ್ತಕದ ನಮೂನೆ, ಗಿರಾಕಿಗಳ ಪಟ್ಟಿ, ನಮ್ಮ ಪ್ರಯೋಗದ ಲಾಭ ನಷ್ಟದ ವಿವರ ಇವನ್ನು ಮುಚ್ಚುಮರೆಯಿಲ್ಲದೆ ಅವರೊಂದಿಗೆ ಹಂಚಿಕೊಂಡರೆ ಎರಡು ಸೀಮೆಯ ರೈತರು ಒಂದೇ ಗಿರಾಕಿಯ ಮುಂದೆ ಪೈಪೋಟಿಗೆ ನಿಲ್ಲುವ ಬದಲು ಕೂಡಿ ಮಾತನಾಡಬಹುದು. ಅವರ ನೆಲದಲ್ಲಿ ನಾವು ಭೂಮಿ ಕೊಂಡು ಕೂರುವುದಕ್ಕಿಂತ ಇದು ಮೇಲೆಂದು ನಮ್ಮ ನಂಬಿಕೆ.

ಮುಂಬರುವ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿದೆ. ಸದಸ್ಯರು ತಪ್ಪದೆ ಬರಬೇಕು. ಬರುವಾಗ ತಮ್ಮ ತೋಟದಲ್ಲಿ ಮೂರಡಿಗೆ ಮೀರಿದ ಸುತ್ತಳತೆಯ ಸಿಲ್ವರ್ ಎಷ್ಟಿವೆಯೆಂದು ಒಂದು ಚೀಟಿಯಲ್ಲಿ ಬರೆದು ತರಬೇಕೆಂದು ವಿನಂತಿಸುತ್ತೇವೆ. ಆ ಚೀಟಿಗಳ ಮೊತ್ತವೇ ಅಂಗಳ ಬೇಕೇ ಬೇಡವೇ ಎಂಬುದಕ್ಕೆ ಮೊದಲ ಉತ್ತರ.